ನಾಲ್ಕನೇ ತೊಲೆ

ಕ್ರಿಸ್ಪಿನ್‌ನ ಅಂಗೈ ಎಲಾದಿಯೋನ ಹಿಂಗತ್ತಿನ ಮೂಳೆಯ ಮೇಲೆ ಬಂದು ನಿಂತಿತು. ಪಕ್ಕದ ನಿಕಾಸಿಯೋನ ಕತ್ತಿಗೆ ಹೋಗಿ ಮತ್ತೆ ವಾಪಸು ಬಂತು. ಎಲಾದಿಯೋ ಉಸಿರು ಬಿಗಿಹಿಡಿದ. ಹೆಂಡತಿ ಬಿಸಿ ಪಾತ್ರೆ ಇಳಿಸುವ ಬೆಂಡಿನ ತಟ್ಟೆಯನ್ನು ಕೊಯ್ದು ಷೂಗಳೊಳಗೆ, ಹಿಮ್ಮಡಿಯ ಕೆಳಗೆ ತುರುಕಿಕೊಂಡಿದ್ದ.

“ಏನ್ ಭಾವ, ಈ ವರ್ಷ ಒಂಚೂರು ಬೆಳ್ದಂಗಿದೀಯ?” ಕ್ರಿಸ್ಪಿನ್ ಕೇಳಿದ.

“ನಿಮ್ಮಕ್ಕನ ಕಡಲೆ ಸಾರು ಕಣೋ. ಸತ್ತೋನೂ ಎದ್ದು ಕೂರ್ತಾನೆ.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಪಲ್ಲಕ್ಕಿ ಹೊರುವವರ ಮೇಸ್ತ್ರಿ ಕ್ರಿಸ್ಪಿನ್ ಮಾತ್ರ ನಗಲಿಲ್ಲ. “ನಾಲ್ಕನೇ ತೊಲೆ. ನಿನ್ನ ಜಾಗಕ್ಕೇ ಹೋಗು,” ಎಂದ.

ಸೆವಿಲ್ಲೆಯ ಆ ಕೇರಿಯಲ್ಲಿ ಈಸ್ಟರ್‌ನ ಹಿಂದಿನ ಪವಿತ್ರ ವಾರಕ್ಕೆ ಮುಂಚೆ ಹೀಗೆ ಕತ್ತು ಅಳೆಯದೆ ಯಾರನ್ನೂ ಚರ್ಚಿನ ಮಾತೆಯ ವಿಗ್ರಹದ ಪಲ್ಲಕ್ಕಿಯಡಿ ಬಿಡುವುದಿಲ್ಲ. ಪಲ್ಲಕ್ಕಿಯ ತಳಕ್ಕೆ ಅಡ್ಡಲಾಗಿರುವ ಒಂದು ತೊಲೆಯ ಕೆಳಗೆ ನಿಂತವರ ಕತ್ತು ಒಂದೇ ಮಟ್ಟಕ್ಕಿರಬೇಕು. ಒಬ್ಬ ಕುಳ್ಳನಾದರೆ ಅವನ ಪಾಲಿನ ಭಾರ ಪಕ್ಕದವನ ಕತ್ತಿಗೆ. ನಾಲ್ಕನೇ ತೊಲೆಯಲ್ಲಿ ಎಲಾದಿಯೋನ ಅಪ್ಪ ನಿಂತಿದ್ದ, ಆಮೇಲೆ ಇವನು. ಚಳಿಗಾಲದಲ್ಲಿ ಬೆನ್ನಿನ ಆಪರೇಷನ್ ಆದಮೇಲೆ ಇವನ ಎತ್ತರ ಒಂದಿಷ್ಟು ಇಳಿದಿತ್ತು. ಆ ಜಾಗ ಹೋದರೆ ತಾನು ಬೀದಿ ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟುವವನಾಗುತ್ತೇನಲ್ಲ ಎಂಬ ಯೋಚನೆಗೇ ಅವನಿಗೆ ಅನ್ನನೀರು ಇಳಿಯುತ್ತಿರಲಿಲ್ಲ.

ತಾಲೀಮಿಗೆ ವಿಗ್ರಹವಿಲ್ಲದ ಪಲ್ಲಕ್ಕಿಯ ಬರೀ ಚೌಕಟ್ಟು, ಮೇಲೆ ಮರಳಿನ ಮೂಟೆ. ತಲೆಗೆ ಸಿಂಬಿ ಸುತ್ತಿ ಎಲ್ಲರೂ ಒಳಗೆ ಬಗ್ಗಿದರು. ಕ್ರಿಸ್ಪಿನ್ ಸುತ್ತಿಗೆ ಬಡಿದು ಕೂಗಿದ: “ಸ್ವರ್ಗಕ್ಕೇ ಎತ್ರೋ ಅವ್ಳನ್ನ!” ಒಂದೇ ಜಿಗಿತಕ್ಕೆ ಎದ್ದರು. ಭಾರ ಕತ್ತಿನ ಮೇಲೆ ಬಿತ್ತು. ಎಲಾದಿಯೋಗೆ ಕಣ್ಣು ತುಂಬಿಬಂತು.

ಬ್ರೆಡ್ ಅಂಗಡಿಯ ತಿರುವಿನಲ್ಲಿ ಬೆಂಡು ಪುಡಿಯಾಯಿತು. ಅವನು ತಗ್ಗಿದ; ತೊಲೆ ಕತ್ತನ್ನು ಬಿಟ್ಟು ಮೇಲೇ ಉಳಿಯಿತು. ಅಂಥ ಹಗುರವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

“ಅಣ್ಣಾ, ಹೊತ್ತಿದೀಯಾ?” ನಿಕಾಸಿಯೋ ಹಲ್ಲು ಕಚ್ಚಿಕೊಂಡೇ ಕೇಳಿದ.

“ಹೊತ್ತಿದೀನಿ, ಸುಮ್ನೆ ನಡಿಯೋ.”

ತುದಿಗಾಲಲ್ಲಿ ನಡೆದ. ಮೀನಖಂಡ ನಡುಗಿತು. ಮರ ಒಮ್ಮೆ ತಾಗುತ್ತಿತ್ತು, ಒಮ್ಮೆ ಇಲ್ಲ. ನಿಕಾಸಿಯೋನ ಉಸಿರು ಗರಗಸದಂತೆ ಕೇಳುತ್ತಿತ್ತು.

ಚೌಕಟ್ಟು ಇಳಿಸಿದರು. ಇನ್ನೊಂದು ಸಲ ಎತ್ತುವುದು ಬಾಕಿ. ಜಿಗಿದೆದ್ದಾಗ ಇಬ್ಬರ ಪಾಲಿನ ಏಟು ನಿಕಾಸಿಯೋ ಒಬ್ಬನ ಕತ್ತಿಗೇ ಬೀಳುತ್ತದೆ. ಸುತ್ತಿಗೆ ಮೇಲೇಳುವ ಸದ್ದು ಕೇಳಿಸಿತು.

“ತಡಿಯೋ ಕ್ರಿಸ್ಪಿನ್! ಬಡೀಬೇಡ!”

ಎಲಾದಿಯೋ ತೆವಳಿಕೊಂಡು ಹೊರಬಂದು, ಒಂದು ಷೂ ಕಳಚಿ ಕೊಡವಿದ. ಬೆಂಡಿನ ಕಂದು ಪುಡಿ ಕಲ್ಲುಹಾಸಿನ ಮೇಲೆ ಬಿತ್ತು.

ಕ್ರಿಸ್ಪಿನ್ ಅದನ್ನು ನೋಡಿದ. “ಆ ಹುಡುಗನ ಕತ್ತು ಮುರ್ದಿದ್ರೆ?”

“ನಿಂಗೆ ಗೊತ್ತಿತ್ತು. ಕೈ ಇಟ್ಟಾಗ್ಲೇ.”

“ಗೊತ್ತಿತ್ತು.” ಕ್ರಿಸ್ಪಿನ್ ಮುಖ ತಿರುಗಿಸಿದ. “ಭಾವ, ನಿನ್ನ ಹೊರಗೆ ಹೋಗು ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ.” ಆಮೇಲೆ ಸರದಿಗೆ ಹೊರಗೆ ಕಾದಿದ್ದವರತ್ತ ಕೂಗಿದ: “ಪೆಲಾಯೋ! ನಾಲ್ಕನೇ ತೊಲೆಗೆ ಬಾ!”

ಸಿಂಬಿ ಬಿಚ್ಚುವುದನ್ನೂ ಮರೆತು ಎಲಾದಿಯೋ ಗೋಡೆಗೆ ಒರಗಿ ನಿಂತ. ಚೌಕಟ್ಟು ಎದ್ದಿತು. ಅದನ್ನು ಅವನು ಹೊರಗಿನಿಂದ ನೋಡಿದ್ದೇ ಇಲ್ಲ. ಕೆಳಗೆ ಬಿಳಿ ಷೂಗಳು ಒಟ್ಟಾಗಿ ನೆಲಕ್ಕೆ ಉಜ್ಜಿಕೊಂಡು, ಕಿತ್ತಳೆ ಮರಗಳ ನೆರಳು ದಾಟಿ ಮುಂದೆ ಸರಿದವು. ಅವುಗಳಲ್ಲಿ ಪೆಲಾಯೋನ ಕಾಲು ಯಾವುದೆಂದು ಹುಡುಕಿದ. ಗುರುತು ಹತ್ತಲಿಲ್ಲ.