ಬಿಸಿಗೆ ಬೇರೆ ದುಡ್ಡಿಲ್ಲ

ವಿಚ್ಛೇದನವಾದ ಮೇಲೆ ಹಿಲ್ಕಾ ಕುವೋಪಿಯೋ ಪಟ್ಟಣದ ಒಂದು ಬಾಡಿಗೆ ಫ್ಲ್ಯಾಟಿಗೆ ಬಂದಳು. ಒಬ್ಬಳೇ ಇರುವುದು ಅವಳಿಗೆ ಹೊಸದು. ಗಂಡನ ಮನೆಯಲ್ಲಿ ಚಳಿಗಾಲಕ್ಕೆ ಹೀಟರಿನ ಕರೆಂಟ್ ಬಿಲ್ಲು ಅರ್ಧ ಸಂಬಳ ನುಂಗುತ್ತಿತ್ತು. ಇಲ್ಲಿ ಬಾಡಿಗೆ, ಊಟ, ಬಸ್ಸಿಗೆ ತೆಗೆದಿಟ್ಟರೆ ಬಿಸಿಗೆಂದು ಏನೂ ಉಳಿಯುತ್ತಿರಲಿಲ್ಲ. ಹಾಗಾಗಿ ಹೀಟರುಗಳನ್ನೆಲ್ಲ ಆರಿಸಿಬಿಟ್ಟಳು.

ಜನವರಿಯಲ್ಲಿ ಪಕ್ಕದ ಮನೆಯ ರೌನಿ ಏಲಕ್ಕಿ ಬನ್ನು ಹಿಡಿದು ಬಂದಳು. ಹಿಲ್ಕಾ ಕೋಟು, ಉಣ್ಣೆ ಟೋಪಿ ಹಾಕಿಕೊಂಡೇ ಬಾಗಿಲು ತೆರೆದಳು.

“ಎಲ್ಲಿಗೋ ಹೊರಟಿದ್ರಾ?”

“ಇಲ್ಲ ಕಣ್ರೀ, ಮನೇಲೇ ಇದೀನಿ. ಹೀಟರ್ ಹಾಕಿದ್ರೆ ದುಡ್ಡು ಸಾಲಲ್ಲ.”

ರೌನಿ ಅವಳ ಮುಖವನ್ನೇ ನೋಡಿದಳು. “ಯಾವ ದುಡ್ಡು? ಇದು ಕರೆಂಟ್ ಹೀಟರ್ ಅಲ್ಲ, ಇಡೀ ಕಟ್ಟಡಕ್ಕೇ ಬಿಸಿನೀರಿನ ಪೈಪು; ಬಿಸಿ ಬಾಡಿಗೇಲೇ ಸೇರಿದೆ. ದುಡ್ಡೂ ಕೊಟ್ಟು ಚಳೀಲೂ ನಡುಗ್ತಿದ್ದೀರಲ್ರೀ. ನಿಮ್ಮಂಥವರು ಸಿಕ್ಕಿದ್ರೆ ಓನರ್‌ಗೆ ಹಬ್ಬ.”

ಹಿಲ್ಕಾಗೆ ಮೊದಲು ನಾಚಿಕೆಯಾಯಿತು, ಆಮೇಲೆ ನಗು ತಡೆಯಲಾಗಲಿಲ್ಲ. ರೌನಿ ಒಂದೊಂದೇ ಹೀಟರಿನ ತಿರುಪು ತಿರುಗಿಸಿದಳು. ಪೈಪುಗಳು ಟಕಟಕ ಎಂದವು. ಸ್ವಲ್ಪ ಹೊತ್ತಿಗೆ ಇಬ್ಬರೂ ಹೀಟರಿಗೆ ಬೆನ್ನು ಕೊಟ್ಟು ಬನ್ನು ತಿನ್ನುತ್ತಿದ್ದರು.

“ಮನೆ ಖಾಲಿ ಮಾಡಿ ಮಗಳ ಹತ್ರ ಹೋಗಿಬಿಡೋಣ ಅಂತಿದ್ದೆ,” ಎಂದಳು ಹಿಲ್ಕಾ. “ನಾಳೆ ಬರ್ತೀನಿ ಅಂತ ಹೇಳೂ ಆಗಿತ್ತು.”

“ಈಗ?”

“ಅವಳೇ ಬರಲಿ ಬಿಡಿ, ನನ್ನ ಮನೆಗೆ.”