ಎರಡನೇ ಭಾಗದಲ್ಲಿ ನಕ್ಕವನು

ನನ್ನ ಬಾಯಿಗೆ ಬೀಗವಿಲ್ಲ ಎಂದು ಅಮ್ಮ ಹೇಳುತ್ತಿದ್ದುದನ್ನು ನಾನು ಬಹಳ ಕಾಲ ಹೊಗಳಿಕೆ ಎಂದೇ ತಿಳಿದಿದ್ದೆ. ಬೊಂಬಾಯಿಯ ಹೋಟೆಲಿನಲ್ಲಿ ಆರು ವರ್ಷ ಚಾ ಕೊಟ್ಟು ಬಸ್ರೂರಿಗೆ ವಾಪಸು ಬಂದ ಮೇಲಂತೂ ನಮ್ಮ ಜಗಲಿಯಲ್ಲಿ ನಾನೇ ಪಂಡಿತ. ಅಲ್ಲಿ ನೋಡಿದ ಒಂದು ಇಂಗ್ಲಿಷ್ ಸಿನಿಮಾದ ಕಥೆಯನ್ನು ಬಂದವರಿಗೆಲ್ಲ ಹೇಳಿದ್ದೆ. ಒಬ್ಬ ಮನುಷ್ಯ ಯಂತ್ರದಲ್ಲಿ ಕೂತು ನಕ್ಷತ್ರಗಳ ಕಡೆ ಹೋಗುತ್ತಾನೆ, ಹೆಂಡತಿ ಮನೆಯಲ್ಲಿ ಕಾಯುತ್ತಾಳೆ, ಕೊನೆಗೆ ಯಂತ್ರ ಕತ್ತಲೆಯಲ್ಲಿ ಮಾಯ. ನನಗೆ ಸಿನಿಮಾದ ಹುಚ್ಚೇನೂ ಇರಲಿಲ್ಲ, ವರ್ಷಕ್ಕೆ ಎರಡೋ ಮೂರೋ ನೋಡುವವನು. ಆದರೆ ಅವನು ಏನಾದ ಎನ್ನುವುದು ಮಾತ್ರ ತಲೆ ತಿನ್ನುತ್ತಿತ್ತು.

ಅರವತ್ತೊಂಬತ್ತನೇ ಇಸವಿಯಲ್ಲಿ ಅದರ ಎರಡನೇ ಭಾಗ ಕುಂದಾಪುರದ ಟಾಕೀಸಿಗೆ ಬಂತು. ಭಾನುವಾರ ಮಧ್ಯಾಹ್ನ ಒಂದೇ ಆಟ. ನಾನು ಹೊರಟದ್ದು ನೋಡಿ ರಾಜೀವಿ ಅಕ್ಕ ತಾನೂ ಬರುತ್ತೇನೆ ಅಂದಳು. ನನಗೆ ಆಶ್ಚರ್ಯ. ಭಾವ ಬೊಂಬಾಯಿಯಲ್ಲಿ ಕಾಮಾಲೆಯಾಗಿ ತೀರಿಕೊಂಡು ಐದು ವರ್ಷವಾಗಿತ್ತು, ಅಂದಿನಿಂದ ಅವಳು ಮನೆ ಬಿಟ್ಟು ಹೊರಗೆ ಹೋದವಳಲ್ಲ. ವಯಸ್ಸು ಇನ್ನೂ ಮೂವತ್ತೆರಡು. ನಮ್ಮವರಲ್ಲಿ ಗಂಡ ಸತ್ತವಳಿಗೆ ಮತ್ತೆ ಮದುವೆ ಮಾಡುವ ರೂಢಿ ಇದೆ. ಇದ್ದರೇನು, ಆದವಳನ್ನು ಊರು ಸುಮ್ಮನೆ ಬಿಡುವುದಿಲ್ಲ. ಬೈಂದೂರಿನಲ್ಲಿ ಗದ್ದೆ ಬೇಸಾಯ ಮಾಡಿಕೊಂಡಿದ್ದ ಚಂದಯ್ಯ ಎಂಬವರು ಎರಡು ತಿಂಗಳ ಹಿಂದೆ ಅಕ್ಕನನ್ನು ಕೇಳಿ ಕಳಿಸಿದ್ದರು. ಅವಳು ಹೂಂ ಅಂದಿರಲಿಲ್ಲ, ಉಹೂಂ ಅಂತಲೂ ಅಂದಿರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು.

“ಭೋಜ, ನಾ ಒಪ್ಕಂತೆ ಅಂದೇಳಿ ಮಾಡಿದೆ. ಮನಿಗ್ ಹೋದ್ಮೇಲೆ ಚಂದಯ್ಯಂಗೆ ನೀನೇ ಒಂದ್ ಕಾಗ್ದ ಬರಿ.”

“ಬರಿತೆ ಅಕ್ಕ, ಇವತ್ತೇ ಬರಿತೆ.”

“ಜನ ಎಂತ ಹೇಳ್ತ್ರೋ.”

“ಜನಕ್ಕೆ ಬೇರೆ ಕೆಲ್ಸ ಇಲ್ಯಾ? ನಾನಿದ್ದೆ ಅಲ್ದಾ!”

ಎದೆ ತಟ್ಟಿಕೊಂಡೇ ಹೇಳಿದೆ. ಅಕ್ಕ ಆ ದಿನ ಸಣ್ಣ ಹಸಿರು ಹೂವಿನ ಸೀರೆ ಉಟ್ಟಿದ್ದಳು ಎಂಬುದನ್ನು ಆಗಲೇ ನಾನು ಗಮನಿಸಿದ್ದು.

ಸಿನಿಮಾ ಎಂದರೆ ಸಿನಿಮಾ! ಒಂದು ಆಕಾಶದಲ್ಲಿ ಮೂರು ಚಂದ್ರರು, ಗಾಳಿಯಲ್ಲಿ ತೇಲುತ್ತಾ ಊಟ ಮಾಡುವ ಜನ, ಮಾತಾಡುವ ಯಂತ್ರ. ನಾನು ಕುರ್ಚಿಯ ತುದಿಗೆ ಬಂದಿದ್ದೆ. ನನ್ನ ಇಂಗ್ಲಿಷ್ ಗಿರಾಕಿಗಳಿಗೆ ತಿಂಡಿಯ ಹೆಸರು ಹೇಳುವಷ್ಟೇ ಆದರೂ, ಅಕ್ಕಪಕ್ಕದವರು ‘ಎಂತ ಹೇಳ್ತ ಅವ’ ಎಂದು ಕೇಳಿದಾಗ ಗೊತ್ತಿಲ್ಲ ಅನ್ನುವ ಜಾಯಮಾನವೇ ನನ್ನದಲ್ಲ. ಎರಡು ಸಾಲಿಗೆ ಕೇಳುವಂತೆ ಅರ್ಥ ಹೇಳುತ್ತಾ ಹೋದೆ.

ಆಗ ಆ ಹೆಂಡತಿಯ ಮನೆ ಬಂತು. ಯಾರೋ ಬಾಗಿಲು ತಟ್ಟಿದರು. ಮೊದಲ ಭಾಗದ ಗಂಡ ಸಪೂರ, ಉದ್ದ ಮೂಗಿನವನು. ಬಾಗಿಲಲ್ಲಿ ನಿಂತಿದ್ದವನು ಅಗಲ ಭುಜದ ಬೇರೆಯೇ ಆಳು. ಅವಳು ಒಂದು ಗಳಿಗೆ ನೋಡಿ, ಅಳುತ್ತಾ ಅವನನ್ನು ತಬ್ಬಿಕೊಂಡಳು. ಗಂಡ ಸತ್ತಿದ್ದಾನೆ, ಇವನು ಇನ್ನೊಬ್ಬ ಎಂದು ನಾನು ತೀರ್ಮಾನಿಸಿ, ಕೂಗಿಯೂಬಿಟ್ಟೆ.

“ಕಾಣಿ ಕಾಣಿ! ಗಂಡ ಹೋದ್ದೇ ತಡ, ಮತ್ತೊಬ್ಬನ್ನ ಒಳಗ್ ಕರ್ಕಂಡ್ಳ್!”

ಮುಂದಿನ ಬೆಂಚುಗಳೆಲ್ಲ ಗೊಳ್ಳೆಂದವು. ಯಾರೋ ಶಿಳ್ಳೆ ಹಾಕಿದರು. ನಾನು ತೊಡೆ ತಟ್ಟಿ ಎಲ್ಲರಿಗಿಂತ ಜೋರಾಗಿ ನಕ್ಕೆ.

ಹಿಂದಿನ ಸಾಲಿನಿಂದ ಒಬ್ಬ ಮುದುಕರು ನನ್ನ ಹೆಗಲು ತಟ್ಟಿದರು. “ಹ್ವಾಯ್, ಎಂತ ಮಾರಾಯ್ರೆ ಹೇಳೂದ್ ನೀವ್? ಮನ್ಷ ಅವ್ನೇ. ವೇಷ ಮಾಡ್ದವ ಬದ್ಲಾದ್ದ್. ನಮ್ ಮೇಳ್ದಗೆ ವರ್ಷ ವರ್ಷ ಬದ್ಲಾತಿಲ್ಯಾ?”

ಈ ಸಲ ನಗು ನನ್ನ ಮೇಲೆ. ಗದ್ದೆಯಲ್ಲಿ ಚಾಪೆ ಹಾಸಿಕೊಂಡು ಯಕ್ಷಗಾನ ನೋಡಿದವರಿಗೆ ತಿಳಿದದ್ದು ಬೊಂಬಾಯಿ ಕಂಡ ನನಗೆ ತಿಳಿಯಲಿಲ್ಲ. ಏನಾದರೂ ಹೇಳಿ ಸಾವರಿಸಿಕೊಳ್ಳೋಣವೆಂದು ಪಕ್ಕಕ್ಕೆ ತಿರುಗಿದೆ. ಅಕ್ಕನ ಕುರ್ಚಿ ಖಾಲಿ ಇತ್ತು.

ನೀರು ಕುಡಿಯಲು ಹೋಗಿರಬೇಕು ಅಂದುಕೊಂಡೆ ಎಂದು ಬರೆಯಬಹುದಿತ್ತು. ಸುಳ್ಳು. ಅವಳು ಯಾಕೆ ಎದ್ದು ಹೋದಳೆಂದು ನನಗೆ ಆ ಕ್ಷಣವೇ ಗೊತ್ತಾಗಿತ್ತು. ಅರ್ಧ ಎದ್ದೆ ಕೂಡ. ಆದರೆ ಪರದೆಯ ಮೇಲೆ ಅವನ ಯಂತ್ರ ಮತ್ತೆ ಹೊರಟಿತ್ತು, ಸುತ್ತ ಬೆಂಕಿಯ ಸಮುದ್ರ. ಈಗ ಹೋದರೆ ಮುಂದಿನದು ಈ ಜನ್ಮದಲ್ಲಿ ಗೊತ್ತಾಗುವುದಿಲ್ಲ. ಇನ್ನು ಐದು ನಿಮಿಷ ಎಂದು ಕೂತವನು ಒಂದು ಗಂಟೆ ಕೂತೆ. ನಾಚಿಕೆಯ ಮಾತೆಂದರೆ, ಸ್ವಲ್ಪ ಹೊತ್ತಿಗೆ ಅಕ್ಕನನ್ನು ಮರೆತೇಬಿಟ್ಟೆ. ಕೊನೆಯಲ್ಲಿ ಚಪ್ಪಾಳೆ ತಟ್ಟಿದೆ.

ಅವಳು ಗೇಟಿನ ಹೊರಗೆ, ನೆಲಗಡಲೆ ಮಾರುವವಳ ಪಕ್ಕದಲ್ಲಿ, ಸೆರಗು ಹೊದ್ದು ನಿಂತಿದ್ದಳು. ಹೊರಬಂದವರೆಲ್ಲ ನೋಡಿಕೊಂಡೇ ಹೋಗುತ್ತಿದ್ದರು.

“ಅಕ್ಕ, ಅದ್ ಅವ್ಳ ಗಂಡನೇ ಅಂಬ್ರ್,” ಎಂದೆ. “ವೇಷದವ ಬದ್ಲಾದ್ದ್ ಅಷ್ಟೇ. ಅವ್ಳದ್ದ್ ಎಂತದೂ ತಪ್ಪಿಲ್ಲೆ.”

“ಗಂಡ ಅಲ್ದಿದ್ರೆ ತಪ್ಪಾ?”

ಬೀಗವಿಲ್ಲದ ಬಾಯಿಯ ನಾನು ಬಸ್ಸು ಬಂತೇ ಎಂದು ರಸ್ತೆಯ ಕಡೆ ತಿರುಗಿದೆ.

ಮನೆಗೆ ಬಂದವಳೇ ಒಳಗಿನಿಂದ ಒಂದು ಅಂಚೆ ಕಾರ್ಡು ತಂದು ನನ್ನ ಮುಂದಿಟ್ಟಳು. “ಆತಿಲ್ಲೆ ಅಂದೇಳಿ ಬರಿ.”

“ಅಕ್ಕ, ನನ್ ಮೇಲಿನ್ ಸಿಟ್ಟಿಗೆ ಹೀಂಗ್ ಮಾಡ್ಬೇಡ. ಕಾಲ್ ಹಿಡಿತೆ.”

“ಸಿಟ್ಟಲ್ಲ ಮಾರಾಯ. ಹೆದ್ರಿಕೆ. ಹೊರಗಿನವ್ರ್ ನಗಾಡ್ತ್ರ್ ಅಂದೇಳಿ ಗೊತ್ತಿತ್ತ್, ನೀನೂ ನಗಾಡ್ತೆ ಅಂದೇಳಿ ಗೊತ್ತಿರ್ಲಿಲ್ಲೆ.”

ಬರೆದೆ. ಚಂದಯ್ಯ ಮರುವರ್ಷ ಬೇರೆ ಕಡೆ ಮದುವೆಯಾದರು, ಒಳ್ಳೆಯ ಮನುಷ್ಯರೆಂದು ಈಗಲೂ ಎಲ್ಲರೂ ಹೇಳುತ್ತಾರೆ.

ಅಕ್ಕ ಆಮೇಲೆ ಒಂದು ದಿನವೂ ನನ್ನ ಮೇಲೆ ಮುನಿಸಿಕೊಳ್ಳಲಿಲ್ಲ. ಒಂದು ವಾರ ಕಳೆದಿರಬೇಕು, ಗಂಜಿ ಬಡಿಸುತ್ತಾ ಮೆಲ್ಲಗೆ ಕೇಳಿದಳು.

“ಭೋಜ, ಕಡಿಗೆ ಆ ಹೆಂಗ್ಸಿಗೆ ಎಂತ ಆಯ್ತ್?”

ಕೊನೆಯ ತನಕ ಕೂತು ನೋಡಿದವನು ನಾನು. ಯಂತ್ರ ಎಲ್ಲಿ ಇಳಿಯಿತು, ಬೆಂಕಿ ಹೇಗೆ ಆರಿತು, ಎಲ್ಲ ಗೊತ್ತಿತ್ತು. ಆ ಹೆಂಗಸಿಗೆ ಏನಾಯಿತೆಂದು ನಾನು ನೋಡಿಯೇ ಇರಲಿಲ್ಲ.