ನಾಲ್ಕು ಕಿಲೋ ಇನ್ನೂರು ಗ್ರಾಂ

ಪ್ರಾಣೇಶರಾಯರು ಸೊಸೆಯ ಸೂಟ್‌ಕೇಸನ್ನು ಕೊಕ್ಕೆಯ ತಕ್ಕಡಿಗೆ ಸಿಕ್ಕಿಸಿ ಎತ್ತಿ, ಕನ್ನಡಕ ಸರಿಮಾಡಿಕೊಂಡು ಅಂಕಿ ಓದಿದರು. "ಇಪ್ಪತ್ತೆರಡು ಕಿಲೋ ಒಂಬತ್ನೂರು. ವಿಮಾನಕ್ಕ ಇಪ್ಪತ್ಮೂರು ನಡೀತದ, ಇನ್ನ ನೂರು ಗ್ರಾಂ ಜಾಗಾ ಅದ ನೋಡವಾ."

ಶರ್ವರಿಗೆ ಅಲ್ಲಿಯೇ ಸಂಶಯ ಬಂತು. ನಿನ್ನೆ ಸಂಜೆ ಅವಳೇ ತೂಗಿದಾಗಲೂ ಇಷ್ಟೇ ಇತ್ತು. ಆಮೇಲೆ ಅತ್ತೆ ಗೋದಾಬಾಯಿ ಶೇಂಗಾ ಚಟ್ನಿ, ಅಗಸಿ ಚಟ್ನಿ, ಮೆಂತ್ಯದ ಹಿಟ್ಟು, ಸಾರಿನ ಪುಡಿ ಎಲ್ಲವನ್ನೂ ಡಬ್ಬಿಗಳಿಗೆ ತುಂಬಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅಷ್ಟು ಒಳಗೆ ಬಂದೂ ತೂಕ ಏರದಿದ್ದರೆ, ಅಷ್ಟೇ ತೂಕದ್ದೇನೋ ಹೊರಗೆ ಹೋಗಿರಬೇಕು. ಝಿಪ್ ಎಳೆದು ನೋಡಿದಳು. ಸ್ವೆಟರುಗಳ ನಡುವೆ ಅವಳು ಅಳೆದು ಬಿಟ್ಟಿದ್ದ ಚೌಕದಲ್ಲಿ ಡಬ್ಬಿಗಳು ಕುಳಿತಿದ್ದವು.

"ಆಶಿಷ್, ನನ್ನ ಮೈಕ್ರೋಸ್ಕೋಪ್ ಎಲ್ಲಿ?"

ಗಂಡ ಫೋನಿನಿಂದ ತಲೆ ಎತ್ತಲಿಲ್ಲ. "ಲಾಫ್ಟ್ ಮ್ಯಾಲ ಇಟ್ಟೀನಿ. ಬೆಡ್‌ಶೀಟ್ ಸುತ್ತಿ, ಜೋಪಾನಾಗಿ."

ಎಂ.ಎಸ್ಸಿ. ಓದುವಾಗ ವಿದ್ಯಾರ್ಥಿವೇತನ ಕೂಡಿಸಿ ಕೋಠಿ ಪೇಟೆಯ ಹಳೆ ಸಾಮಾನಿನ ಅಂಗಡಿಯಲ್ಲಿ ಅವಳು ಕೊಂಡ ಉಪಕರಣ ಅದು. ಹಿತ್ತಾಳೆಯ ಕೊಳವೆ, ಸಾಗವಾನಿ ಪೆಟ್ಟಿಗೆ; ಒಟ್ಟು ನಾಲ್ಕು ಕಿಲೋ ಇನ್ನೂರು ಗ್ರಾಂ. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಏಳು ವರ್ಷ ದುಡಿದು ಬಂದರೂ, ರವಿವಾರ ಕೆರೆಯ ಒಂದು ಹನಿ ನೀರನ್ನು ಗಾಜಿನ ಪಟ್ಟಿಗೆ ಹಾಕಿ ಅದರ ಕೆಳಗಿಟ್ಟು ನೋಡದಿದ್ದರೆ ಅವಳಿಗೆ ವಾರ ಮುಗಿದಂತಾಗುತ್ತಿರಲಿಲ್ಲ.

ಆಶಿಷ್ ದುಡಿಯುವ ಕೊಂಡಾಪುರದ ಕಂಪನಿ ಅವನನ್ನು ಫಿನ್ಲೆಂಡಿನ ತಂಪೆರೆಗೆ ಕಳಿಸುತ್ತದೆಂದು ತಿಳಿದ ದಿನ ಅವಳು ನಕಾಶೆ ತೆರೆದು ಊರಿನ ಸುತ್ತಲಿನ ಸರೋವರಗಳನ್ನು ಎಣಿಸಿದ್ದಳು. ಎಣಿಕೆ ಮುಗಿಯಲಿಲ್ಲ, ಹಿಗ್ಗೂ ಮುಗಿಯಲಿಲ್ಲ. ಆಮೇಲೆ ರಾಜೀನಾಮೆ ಕೊಟ್ಟಳು. ಅಲ್ಲಿ ವಾಸಿಸುವ ಪರವಾನಗಿ ಪತ್ರದಲ್ಲಿ ತನ್ನ ಹೆಸರಿನ ಎದುರು 'ಅವಲಂಬಿತರು' ಎಂದಿದ್ದುದನ್ನು ಎರಡು ಸಲ ಓದಿದಳು. ಹೋಗಬೇಕೆಂಬ ಆಸೆಯೂ ಬೇಡವೆಂಬ ಹಟವೂ ಅಂದಿನಿಂದ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದವು.

"ಅಲ್ಲಿ ಬೇಕಂದ್ರ ಹೊಸಾದು ತಗೊಳ್ಳೋಣ," ಎಂದ ಆಶಿಷ್.

"ಚಟ್ನಿಪುಡಿನೂ ಅಲ್ಲೇ ತಗೋ."

"ಅಮ್ಮನ ಕೈ ರುಚಿ ಅಲ್ಲಿ ಸಿಗ್ತದೇನು?"

"ಹನ್ನೆರಡು ವರ್ಷ ನನ್ನ ಕಣ್ಣಿಗೆ ಪಳಗಿದ್ದು ಸಿಗ್ತದೇನು?"

ಅವನು ಫೋನು ಕೆಳಗಿಟ್ಟ. "ಶರು, ನನಗೂ ಅಂಜಿಕಿ ಅದ. ಕತ್ತಲಿ, ಹಿಮ, ಗೊತ್ತಿಲ್ಲದ ಭಾಷಾ. ಮನಿ ಊಟ ಇದ್ರ ತಡಕೋತೀನಿ ಅನಿಸ್ತು. ಒಂದೆರಡು ವರ್ಷ ನೀ ಮನಿ ನೋಡ್ಕೊಂಡು ಆರಾಮಿರು. ಅಲ್ಲಿ ನಿನಗ ಕೆಲಸಕ್ಕ ಯಾರು ಕಾಯ್ಲಿಕ್ಕತ್ತಾರ?"

ಆ ಕೊನೆಯ ಮಾತಿಗೆ ಶರ್ವರಿ ಎದ್ದಳು. ಸ್ಟೂಲು ಎಳೆದು ಹತ್ತಿ ಲಾಫ್ಟಿನಿಂದ ಪೆಟ್ಟಿಗೆ ಇಳಿಸಿಕೊಂಡಳು.

ಅಷ್ಟರಲ್ಲಿ ಗೋದಾಬಾಯಿ ದೇವರ ಮನೆಯಿಂದ ತಾಟು ಹಿಡಿದು ಬಂದರು. "ಜಗಳ ವಿಮಾನದಾಗ ಆಡ್ರಿ. ನಾಲ್ಕೂವರಿಗೆ ರಾಹುಕಾಲ ಹತ್ತತದ, ಅಷ್ಟರೊಳಗ ಉಡಿ ತುಂಬತೀನಿ. ಕೂಡವಾ."

ಉಡಿಯ ವಿಷಯದಲ್ಲಿ ಗೋದಾಬಾಯಿಯವರದು ಕಟ್ಟುನಿಟ್ಟು. ನಾಲ್ಕು ವರ್ಷದ ಹಿಂದೆ ಕಲಬುರಗಿಯ ತವರಿಗೆ ಹೊರಟ ಶರ್ವರಿ ಉಡಿಯ ಕಾಯಿಯನ್ನು ಇಲ್ಲಿ ಹಿಮಾಯತ್‌ನಗರದ ಮನೆಯಲ್ಲೇ ಮರೆತಾಗ, ಅದನ್ನು ಮುಟ್ಟಿಸಲು ರಾಯರು ಆಟೋ ಹಿಡಿದು ನಾಂಪಲ್ಲಿ ಸ್ಟೇಷನ್ನಿಗೆ ಓಡಿದ್ದರು. ಉಡಿಗೆ ಬಿದ್ದದ್ದು ಹೆಣ್ಣುಮಗಳ ಜೊತೆಯೇ ಹೋಗಬೇಕು, ನಡುವೆ ಯಾರೂ ತೆಗೆಯಬಾರದು.

ಶರ್ವರಿ ಸೆರಗು ಒಡ್ಡಿ ಕೂತಳು. ಅರಿಷಿಣ ಕುಂಕುಮ ಆಯಿತು. ಅಕ್ಕಿ ಬಿತ್ತು, ಕಾಯಿ ಬಿತ್ತು, ಕುಪ್ಪಸದ ಖಣ, ಎಲೆ ಅಡಿಕೆ ಬಿದ್ದವು. ಆಗ ಅವಳು ಪಕ್ಕದ ಪೆಟ್ಟಿಗೆಯನ್ನು ಅತ್ತೆಯ ಮುಂದೆ ಸರಿಸಿದಳು.

"ಅತ್ತಿಯವರ, ಇದನ್ನೂ ಹಾಕ್ರಿ."

"ಏನ್ ನಾಟಕ ಇದು!" ಆಶಿಷ್ ಎದ್ದು ನಿಂತ.

ಗೋದಾಬಾಯಿ ಗಾಬರಿಯಾದರು. "ಉಡಿಯೊಳಗ ಕಬ್ಬಿಣ ಹಾಕ್ತಾರೇನ ನಮ್ಮವ್ವಾ?"

"ಮ್ಯಾಲ ಕಟ್ಟಿಗಿ, ಒಳಗ ಹಿತ್ತಾಳಿ, ಗಾಜು. ಕಬ್ಬಿಣದ ಸ್ಕ್ರೂ ಆರು ಅದಾವ, ಬೇಕಂದ್ರ ಬಿಚ್ಚಿ ಕೊಡ್ತೀನಿ. ಆದ್ರ ಇದು ಬೀಳೂತನಕ ನಾ ಸೆರಗು ಮಡಚಂಗಿಲ್ಲ. ರಾಹುಕಾಲ ಹತ್ತಲಿ, ಕಾರ್ ಬರಲಿ, ವಿಮಾನ ಹಾರಿ ಹೋಗಲಿ."

"ನಾಲ್ಕು ಇಪ್ಪತ್ತೆರಡು," ಎಂದರು ರಾಯರು, ಗಡಿಯಾರ ನೋಡಿ. ಯಾರೂ ಅವರನ್ನು ಕೇಳಿರಲಿಲ್ಲ.

ಗೋದಾಬಾಯಿ ಮಗನತ್ತ ತಿರುಗಿದರು. "ಇದನ್ನ ತಗಿಯೂ ಮುಂದ ಈಕಿನ್ನ ಕೇಳಿದ್ದೇನು?"

"ಇಲ್ಲ... ನಿನ್ನ ಡಬ್ಬಿಗೆ ಜಾಗಾ ಇರಲಿಲ್ಲ ಅಂತ..."

"ಅಂದ್ರ ನನ್ನ ಹೆಸರ್ಲೆ ಈಕಿ ಗಂಟು ಬಿಚ್ಚಿದಿ." ಗೋದಾಬಾಯಿ ತಾಟಿನತ್ತ ತಿರುಗಿದರು. ಪೆಟ್ಟಿಗೆಯ ಮುಚ್ಚಳಕ್ಕೆ ಕುಂಕುಮ ಹಚ್ಚಿದರು. ಎರಡೂ ಕೈ ಹಾಕಿ, "ಅಯ್ಯ, ಏನ್ ಭಾರ ಅದ ಇದು!" ಎನ್ನುತ್ತ ಎತ್ತಿ ಸೊಸೆಯ ಉಡಿಗಿಟ್ಟರು.

ಸೆರಗು ಜಗ್ಗಿತು. ಶರ್ವರಿ ಬಿಗಿಯಾಗಿ ಹಿಡಿದಳು.

ಈ ಮನೆಯ ಪದ್ಧತಿಯಂತೆ, ಹೊರಟವಳು ಉಡಿಯಿಂದ ಒಂದು ಹಿಡಿ ಅಕ್ಕಿಯನ್ನು ತಿರುಗಿ ತಾಟಿಗೆ ಹಾಕಬೇಕು. ಪೆಟ್ಟಿಗೆಯ ಕೆಳಗೆ ಕೈತೂರಿಸಿ ಅವಳು ಅಕ್ಕಿ ತೆಗೆದಳೇನೋ ನಿಜ, ಮುಷ್ಟಿ ಮಾತ್ರ ಕೂಡಲೇ ಬಿಚ್ಚಲಿಲ್ಲ. ಮಧ್ಯಾಹ್ನದಿಂದ ಒಣಗಿದ್ದ ಕಣ್ಣು ಈಗ ಮಂಜಾಯಿತು. ಗೋದಾಬಾಯಿ ತಾಟನ್ನು ಇನ್ನಷ್ಟು ಹತ್ತಿರ ತಂದು ಹಿಡಿದರು. ಸ್ವಲ್ಪ ಹೊತ್ತಿನ ಮೇಲೆ ಅಕ್ಕಿ ಬಿತ್ತು.

"ಈಗ ಇಪ್ಪತ್ತೇಳು ಕಿಲೋ ದಾಟ್ತದ," ಎಂದ ಆಶಿಷ್ ಮೆತ್ತಗೆ. "ಡಬ್ಬಿ ಬಿಡಬೇಕಾಗ್ತದ."

"ಯಾಕ ಬಿಡೂದು? ನಿನ್ನ ಪೆಟ್ಟಿಗ್ಯಾಗ ಹಾಕು," ಎಂದಳು ಶರ್ವರಿ, ಕಣ್ಣು ಒರೆಸಿಕೊಳ್ಳುತ್ತ. "ಕ್ರಿಕೆಟ್ ಬ್ಯಾಟು, ಮೂರು ಜೋಡಿ ಬೂಟು ತಗಿ. ಹಿಮದಾಗ ಯಾರು ನಿನಗ ಬೌಲಿಂಗ್ ಮಾಡ್ಲಿಕ್ಕೆ ಕಾಯ್ಲಿಕ್ಕತ್ತಾರ?"

ರಾಯರು ಕೆಮ್ಮಿ ನಗು ನುಂಗಿದರು. ಆಶಿಷ್ ಬ್ಯಾಟನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ ಕೊನೆಗೆ ಬಾಗಿಲ ಹಿಂದೆ ನಿಲ್ಲಿಸಿದ.

ಡಬ್ಬಿಗಳು ಹೋದ ಚೌಕದಲ್ಲಿ ಸಾಗವಾನಿ ಪೆಟ್ಟಿಗೆ ತೂರಿ ಕೂತಿತು. ಕಾಯಿ, ಅಕ್ಕಿ ಸೇರಿ ತಕ್ಕಡಿ ಏಳುನೂರು ಗ್ರಾಂ ಹೆಚ್ಚು ತೋರಿಸಿತು. ಶರ್ವರಿ ಎಲ್ಲಕ್ಕಿಂತ ದಪ್ಪ ಸ್ವೆಟರನ್ನು ಎಳೆದು ಆ ಸೆಕೆಯಲ್ಲೇ ತೊಟ್ಟುಕೊಂಡಳು.

"ಸರಿಯಾಗಿ ಇಪ್ಪತ್ಮೂರು!" ಎಂದರು ರಾಯರು.

ಅವಳು ಬೀಗ ಹಾಕಿದಳು. ಕೀಲಿಗಾಗಿ ಆಶಿಷ್ ಎಂದಿನಂತೆ ಕೈ ಚಾಚಿದ. ಅವಳು ಅದನ್ನು ತನ್ನ ಪರ್ಸಿಗೆ ಹಾಕಿಕೊಂಡಳು. ಕೆಳಗೆ ಕಾರು ಹಾರ್ನ್ ಮಾಡಿತು.